ಸಂದಿಯ ಗೋಡೆಗೆ ಗಂಜಿ

ನಮ್ಮ ಮನೆಗೆ ಬಂದವರು ಸಾವಕಾರರೇ ಇರಲಿ, ಸ್ವಾಮಿಗಳೇ ಇರಲಿ, ಮೊದಲು ಅಡ್ಡ ತಿರುಗಬೇಕಾಗಿತ್ತು. ಬನಹಟ್ಟಿಯ ಆ ಓಣಿಯಲ್ಲಿ ನಮ್ಮ ಹೊರಬಾಗಿಲು ದಾಟಿದ ಮೇಲೆ ಒಳಗಿನ ಪಡಸಾಲೆ ಮುಟ್ಟುವತನಕ ಒಂದು ಸಂದಿ ಇತ್ತು. ಎಡಕ್ಕೆ ಪಕ್ಕದ ಮನೆಯವರ ಗೋಡೆ, ಬಲಕ್ಕೆ ನಮ್ಮ ಮಗ್ಗದ ಕೋಣೆಯ ಗೋಡೆ. ಒಬ್ಬರು ಒಳಗೆ ಬರುವಾಗ ಇನ್ನೊಬ್ಬರು ಹೊರಗೆ ಹೊರಟರೆ ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಬೇಕು, ಇಲ್ಲವೇ ಹೊಟ್ಟೆಗೆ ಹೊಟ್ಟೆ ತಿಕ್ಕಿಕೊಂಡು ದಾಟಬೇಕು. ಹಾಸನ್ನು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟುವ ನೂಲನ್ನು, ಸುತ್ತಿದ ಉದ್ದನೆಯ ಮರವನ್ನು ಇಬ್ಬರು ಹೆಗಲ ಮೇಲೆ ಹೊತ್ತು ತರುವಾಗಲಂತೂ ಮನೆಮಂದಿಯೆಲ್ಲ ಇದ್ದಲ್ಲೇ ನಿಂತುಬಿಡಬೇಕಾಗಿತ್ತು. ಬಣ್ಣಗಾರರ ಮನೆಯಿಂದ ಇನ್ನೂ ಹಸಿಯಿದ್ದ ನೂಲಿನ ಲಡಿಗಳು ಅದೇ ಸಂದಿಯಲ್ಲಿ ಬರುತ್ತಿದ್ದವು. ಹಾಗಾಗಿ ನಮ್ಮ ಗೋಡೆಯ ಮೇಲೆ ಮೊಣಕೈ ಮಟ್ಟದಲ್ಲಿ ನೀಲಿ, ಕೆಂಪು, ಹಸಿರು ಕಲೆ, ಅದರ ಮೇಲೆ ಹೆಗಲಿನ ಎಣ್ಣೆಯ ಕಲೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಬಿದ್ದಾಗ ಅದು ಎಷ್ಟು ಹೊಲಸಾಗಿದೆ ಎಂಬುದು ಚೆನ್ನಾಗಿಯೇ ಕಾಣುತ್ತಿತ್ತು.

ಈಗ ಆ ಮನೆಯಲ್ಲಿ ನನ್ನ ತಮ್ಮನ ಸಂಸಾರ ಇದೆ. ಮಗ್ಗದ ಕೋಣೆ ಹೋಗಿ ಟಿವಿ ಕೋಣೆಯಾಗಿದೆ. ಸಂದಿ ಮಾತ್ರ ಇದ್ದಷ್ಟೇ ಅಗಲ ಇದೆ. ಜಮಖಂಡಿಯಲ್ಲಿ ನನ್ನದೊಂದು ಜಂಪರ್ ಹೊಲಿಯುವ ಅಂಗಡಿ. ಮೊನ್ನೆ ಮಷಿನ್ ಮುಂದೆ ಕೂತಿದ್ದಾಗ ತಮ್ಮನ ಸೊಸೆ ಫೋನಿಗೆ ಸಾಲಾಗಿ ಫೋಟೋ ಕಳಿಸಿದಳು. ಸಣ್ಣ ಬಾಗಿಲು ದೊಡ್ಡದಾಗಿ ಕಾಣಲು ಉದ್ದನೆಯ ಕನ್ನಡಿ, ಮಡಚುವ ಚಪ್ಪಲಿ ಸ್ಟ್ಯಾಂಡು, ಗೋಡೆಗೆ ಹಚ್ಚುವ ಕಲ್ಲಿನಂಥ ಟೈಲ್ಸು, ಬಳ್ಳಿಯಂತೆ ಇಳಿಬಿಟ್ಟ ದೀಪದ ಸರ. ಅತ್ತಿ, ಇದರಾಗ ಯಾವುದು ಹಚ್ಚೂಣು ಅಂತ ಕೇಳಿದ್ದಳು. ಒಳ್ಳೆಯ ಹುಡುಗಿ, ಕೇಳುವ ಮನಸ್ಸಾದರೂ ಮಾಡಿದಳಲ್ಲ. ನಾನು ಬಾಯಿ ಬಿರುಸಿನವಳು, ಎಲ್ಲದಕ್ಕೂ ನನ್ನ ಹತ್ತಿರ ತಯಾರು ಉತ್ತರ ಇರುತ್ತದೆ ಎಂದು ನನ್ನ ಗಿರಾಕಿಗಳೇ ಹೇಳುತ್ತಾರೆ. ಅವತ್ತು ಮಾತ್ರ ಫೋನು ಕೆಳಗಿಟ್ಟು ಮಷಿನ್ ನಿಲ್ಲಿಸಿದೆ. ಆ ಗೋಡೆಯ ಮೇಲೆ ಏನೇನು ಇತ್ತು, ಅದೆಲ್ಲ ಎಲ್ಲಿಗೆ ಹೋಯಿತು ಎಂದು ಹೇಳದೆ ಅವಳಿಗೆ ಏನು ಹೇಳಿದರೂ ಸುಳ್ಳಾಗುತ್ತಿತ್ತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಅವ್ವನ ಹೆಸರು ಕಸ್ತೂರಿ. ತವರು ಗಲಗಲಿ. ಅವರೂ ನಮ್ಮ ಮಂದಿಯೇ, ಆದರೆ ಅವ್ವನ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹೊಳೆದಂಡೆಯಲ್ಲಿ ಒಕ್ಕಲುತನಕ್ಕೆ ಇಳಿದವರು. ಅವರ ಮನೆಗೆ ಯಾರಾದರೂ ಬರುತ್ತಿದ್ದಾರೆ ಎಂದರೆ ಅಷ್ಟು ದೂರದಿಂದಲೇ ಕಾಣುತ್ತಿತ್ತು. ಮುಂದೆ ಅಂಗಳ, ಬೇವಿನ ಗಿಡ, ಗಿಡದ ಸುತ್ತ ಕಟ್ಟೆ. ಬರುವವರು ಕಟ್ಟೆ ಮುಟ್ಟುವುದರೊಳಗೆ ಕಾಲಿಗೆ ನೀರು ತಯಾರಿರುತ್ತಿತ್ತು, ಒಲೆಯ ಮೇಲೆ ಚಹಾ ಏರಿರುತ್ತಿತ್ತು. ಅಂಥ ಮನೆಯಿಂದ ಬಂದವಳಿಗೆ ನಮ್ಮ ಸಂದಿ ಎಂದೂ ಒಗ್ಗಲಿಲ್ಲ. ಬಂದವರು ದಿಢೀರನೆ ಪಡಸಾಲೆಯಲ್ಲಿ ಪ್ರತ್ಯಕ್ಷರಾಗುತ್ತಾರೆ, ಅದೂ ಮೈಗೆ ಬಣ್ಣ ಮೆತ್ತಿಕೊಂಡು. ಆಯಿಗೆ, ಎಂದರೆ ಅಪ್ಪನ ಅವ್ವನಿಗೆ, ಇದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಇದು ಮಗ್ಗದ ಮನೆ, ಮಗ್ಗಕ್ಕೆ ದಾರಿ ಬೇಕು, ದಾರಿಗೆ ಸಿಂಗಾರ ಯಾಕೆ ಎನ್ನುವುದು ಅವಳ ವಾದ.

ಅವ್ವನ ಅಣ್ಣ, ನಮ್ಮ ಮಾವ, ಒಮ್ಮೆ ಹೊಸ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಬದನೆಕಾಯಿಯ ಗಂಟು ಹೊತ್ತು ಬಂದ. ಆಗಷ್ಟೇ ಲಡಿ ಒಳಗೆ ಹೋಗಿದ್ದವು. ಪಡಸಾಲೆಗೆ ಬಂದು ನಿಂತಾಗ ಮಾವನ ಎದೆಯಿಂದ ತೋಳಿನವರೆಗೆ ನೀಲಿ. ಅವನೇ ನಕ್ಕುಬಿಟ್ಟ. ಊಟ ಮಾಡಿದ, ನಮಗೆ ಕೈಗೆ ದುಡ್ಡು ಕೊಟ್ಟ, ಹೋದ. ಆದರೆ ಅವನು ಕೈ ತೊಳೆಯುತ್ತಿದ್ದಾಗ ಆಯಿ, ಮಗ್ಗದ ಮನೆಗೆ ಬಿಳಿ ಅಂಗಿ ಹಾಕಿಕೊಂಡು ಯಾರು ಬಾ ಅಂದಿದ್ದರು ಅಂತ ಒಂದು ಮಾತು ಎಸೆದಳು. ಮರುದಿನ ಬೆಳಿಗ್ಗೆ ಅವ್ವ ಸೀರೆ ಮೇಲೆ ಸಿಕ್ಕಿಸಿಕೊಂಡು ಸಂದಿ ತೊಳೆಯಲು ನಿಂತಳು. ಈ ಮನೆಗೆ ಬಂದವರಿಗೆ ಒಳಗೆ ಕಾಲಿಟ್ಟ ಕೂಡಲೆ ಬಾ ಅಂದಂತೆ ಆಗಬೇಕು ಎನ್ನುವುದು ಅವ್ವನ ಹಟ. ಆ ಮನೆಯಲ್ಲಿ ಅಡಿಗೆಮನೆಯಿಂದ ಹಿಡಿದು ದೇವರಮನೆಯವರೆಗೆ ಎಲ್ಲದಕ್ಕೂ ಆಯಿಯ ಕೈ ಮೊದಲೇ ಬಿದ್ದಿತ್ತು. ಅವ್ವನ ಕೈಗೆ ಉಳಿದದ್ದು ಆ ಸಂದಿ ಒಂದೇ.

ಮೊದಲು ಸುಣ್ಣ ಬಳಿದು ಕೆಳಗೆ ಕೆಮ್ಮಣ್ಣಿನ ಪಟ್ಟಿ ಹೊಡೆದಳು. ಎರಡು ದಿನ ಛಲೋ ಕಂಡಿತು. ಆಮೇಲೆ ಬಂದವರ ಹೆಗಲಿಗೆಲ್ಲ ಸುಣ್ಣ, ಹಾಸಿನ ನೂಲಿಗೂ ಸುಣ್ಣದ ಪುಡಿ. ಆಯಿ ಓಣಿಗೆಲ್ಲ ಕೇಳುವಂತೆ ಬೈದಳು. ಆಮೇಲೆ ಅವ್ವ ಕ್ಯಾಲೆಂಡರಿನ ದೇವರ ಪಟಗಳನ್ನು ಮೊಳೆ ಹೊಡೆದು ತೂಗುಹಾಕಿದಳು. ಹಾಸಿನ ಮರ ತಾಗಿ ಒಂದು ಹರಿಯಿತು, ಅದಕ್ಕಿಂತ ಹೆಚ್ಚಾಗಿ ಮೊಳೆಗೆ ಸಿಕ್ಕು ಎಳೆ ತುಂಡಾದವು. ತುಂಡಾದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುವುದರಲ್ಲಿ ಅಪ್ಪನ ಒಂದು ಹೊತ್ತಿನ ಕೆಲಸ ಹೋಯಿತು. ಅಪ್ಪ ಬೈಯುವ ಮನುಷ್ಯನಲ್ಲ. ಮೊಳೆಗಳನ್ನು ಕಿತ್ತು, ಅವ್ವನ ಕೈಯಲ್ಲಿ ಇಟ್ಟು, ಹೋಗಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ. ಮೊಳೆ ಬೇಡ ಎಂಬುದು ಅವ್ವನಿಗೆ ಅರ್ಥವಾಯಿತು.

ಹೊಸ ಹಾಸು ಮಗ್ಗಕ್ಕೆ ಏರಿದಾಗ ನೇಕಾರ ಸೀದಾ ಸೀರೆ ನೇಯುವುದಿಲ್ಲ. ಮೊದಲು ಒಂದು ಗೇಣು ನೇಯ್ದು, ಸೀರೆಯ ಅಂಚಿನಲ್ಲಿ, ನಮ್ಮ ಕಡೆ ಅದಕ್ಕೆ ದಡಿ ಅನ್ನುತ್ತೇವೆ, ಚಿತ್ತಾರ ಸರಿಯಾಗಿ ಬೀಳುತ್ತಿದೆಯೋ ಇಲ್ಲವೋ ನೋಡುತ್ತಾನೆ. ನೋಡಿ ಆದ ಮೇಲೆ ಆ ತುಂಡನ್ನು ಕತ್ತರಿಸಿ ಒಗೆಯುವುದೇ. ನಮ್ಮ ಮನೆಯಲ್ಲಿ ಅದಕ್ಕೆ ಮೊದಲ ಗೇಣು ಎಂದೇ ಹೆಸರು. ಆಯಿ ಅವುಗಳಿಂದ ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುತ್ತಿದ್ದಳು, ಕಂದೀಲಿನ ಗಾಜು ಒರೆಸುತ್ತಿದ್ದಳು. ಅವ್ವ ಒಂದು ದಿನ ಮಸಿ ಹತ್ತಿದ ಅಂಥದ್ದೊಂದು ತುಂಡನ್ನು ಒಗೆದು, ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ಬುಟ್ಟಿಯಲ್ಲಿದ್ದ ಎಲ್ಲವನ್ನೂ ಆರಿಸಿದಳು. ನನ್ನನ್ನು ಕೂರಿಸಿ ಸೂಜಿ ಹಿಡಿಯುವುದನ್ನು ಕಲಿಸಿದಳು. ತುಂಡುಗಳ ಕತ್ತರಿಸಿದ ಬದಿ ಬಿಚ್ಚಿಕೊಳ್ಳದಂತೆ ಮಡಚಿ ಹೊಲಿಯುವುದು ನನ್ನ ಪಾಲಿನ ಕೆಲಸವಾಯಿತು. ಇವತ್ತಿಗೂ ನಾನು ಹೊಲಿದ ಜಂಪರಿನ ಒಳಮಡಿಕೆಯನ್ನು ಹೊಗಳದ ಗಿರಾಕಿ ಇಲ್ಲ, ಅದು ಆ ಚಿಂದಿಗಳ ಮೇಲೆ ಕಲಿತದ್ದು.

ಮೊಳೆ ಇಲ್ಲದೆ ಹಚ್ಚುವುದು ಹೇಗೆ ಎಂದರೆ, ಗಂಜಿಯಿಂದ. ನೂಲಿಗೆ ಹಾಕಿ ಉಳಿದ ಗಂಜಿ ಗಡಿಗೆಯ ತಳದಲ್ಲಿ ಇರುತ್ತಿತ್ತಲ್ಲ, ಅದನ್ನೇ ಮತ್ತೆ ಕುದಿಸಿ ಗಟ್ಟಿ ಮಾಡಿ, ಗೋಡೆಗೆ ಬಳಿದು, ಮೇಲೆ ತುಂಡು ಇಟ್ಟು ಅಂಗೈಯಿಂದ ಒತ್ತಿದಳು. ಗೋಡೆ ನುಣುಪಾಯಿತು, ಹಾಸಿನ ಮರಕ್ಕೆ ತಡೆಯುವಂಥದ್ದು ಏನೂ ಇಲ್ಲ, ಹೆಗಲು ತಾಗಿದರೆ ಬಟ್ಟೆಗೆ ಬಟ್ಟೆ ತಾಗುತ್ತದೆ ಅಷ್ಟೇ. ಗಂಜಿಗೆ ಇರುವೆ ಬಂದವು, ಜಿರಳೆ ಬಂದವು. ಆಯಿ ಅದನ್ನೂ ಹಬ್ಬದಂತೆ ಸಂಭ್ರಮಿಸಿದಳು. ಅವ್ವ ಬೇವಿನ ಎಲೆ ಅರೆದು ಗಂಜಿಯಲ್ಲಿ ಕುದಿಸಿದಳು. ಇರುವೆ ಹೋದವು. ಸಂದಿಗೆ ಬೇವಿನ ಕಹಿ ವಾಸನೆ ಉಳಿಯಿತು, ನನಗೆ ಅದೇ ಮನೆಯ ವಾಸನೆ.

ಒಂದು ವರ್ಷದಲ್ಲಿ ಆ ಗೋಡೆ ಹೊರಬಾಗಿಲಿನಿಂದ ಪಡಸಾಲೆಯವರೆಗೆ ತುಂಬಿತು. ಕೆಂಪು ದಡಿ, ಹಸಿರು ದಡಿ, ರುದ್ರಾಕ್ಷಿಯದು, ಬರೀ ಗೆರೆಯದು, ಒಂದರ ಪಕ್ಕ ಒಂದು. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಕೊಡ ಕೆಳಗಿಟ್ಟು ಒಂದು ಸಲ ಒಳಗೆ ಇಣುಕಿ ಹೋಗುತ್ತಿದ್ದರು. ಮಾವ ಮತ್ತೆ ಬಂದಾಗ ಬೇಕೆಂದೇ ಬಿಳಿ ಅಂಗಿ ಹಾಕಿಕೊಂಡು ಬಂದು, ಎರಡೂ ಕೈ ಅಗಲಿಸಿ ಗೋಡೆಗೆ ಮೈ ತಿಕ್ಕುತ್ತ ನಡೆದು ತೋರಿಸಿದ. ಅಪ್ಪ ಹೊಗಳಲಿಲ್ಲ, ಆದರೆ ಮೊದಲ ಗೇಣನ್ನು ಸ್ವಲ್ಪ ಉದ್ದ ಕತ್ತರಿಸಲು ಶುರುಮಾಡಿದ. ಆಯಿ ಕೂಡ ಬಂದವರು ಹೊಗಳಿದರೆ ಅಲ್ಲಗಳೆಯುತ್ತಿರಲಿಲ್ಲ. ಅವ್ವ ಆ ವರ್ಷ ಎಷ್ಟು ಖುಷಿಯಾಗಿದ್ದಳೆಂದರೆ, ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು.

ಅಪ್ಪ ನೇಯುತ್ತಿದ್ದುದು ರಬಕವಿಯ ಒಬ್ಬ ಸಾವಕಾರರಿಗೆ. ನೂಲು, ಹಾಸು ಅವರದು, ದಡಿಯ ಚಿತ್ತಾರವೂ ಅವರದೇ, ನೇಯ್ಗೆ ನಮ್ಮದು. ಆ ಸಲ ಮದುವೆಯ ದಿನಗಳಿಗೆಂದು ಅವರು ಒಂದು ಹೊಸ ದಡಿ ತಂದರು. ಕೆಂಪು ನೆಲ, ನಡುವೆ ಹಳದಿ ಹೂ, ಹೂವಿನ ಎರಡೂ ಬದಿಗೆ ಕರಿ ಮಿಡಿ. ಪೇಟೆಗೆ ಬರುವತನಕ ಯಾರ ಕಣ್ಣಿಗೂ ಬೀಳಬಾರದು ಎಂದು ಅಪ್ಪನಿಗೆ ಮೆಲ್ಲಗೆ ಹೇಳಿ ಹೋದರು. ಹೇಳುವ ಅಗತ್ಯವೂ ಇರಲಿಲ್ಲ. ಹೊಸ ದಡಿ ಮಗ್ಗದ ಮೇಲಿದ್ದಾಗ ಹೊರಗಿನವರು ಬಂದರೆ ಮಗ್ಗಕ್ಕೆ ಧೋತರ ಹೊದಿಸಬೇಕು ಎಂಬುದು ಬನಹಟ್ಟಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಆಯಿಗಂತೂ ಬಾಗಿಲ ಸಪ್ಪಳ ಕೇಳಿದರೆ ಸಾಕು, ಕೈ ತಾನಾಗಿಯೇ ಧೋತರಕ್ಕೆ ಹೋಗುತ್ತಿತ್ತು.

ಆ ದಿನಗಳಲ್ಲಿ ಒಬ್ಬ ನೂಲಿನ ದಲಾಲಿ ನಮ್ಮ ಓಣಿಗೆ ಬರುತ್ತಿದ್ದ. ಅವನು ಒಂದು ದಿನ ನಮ್ಮ ಬಾಗಿಲಿಗೆ ಬಂದಾಗ ಆಯಿ ಎಂದಿನಂತೆ ಮಗ್ಗ ಮುಚ್ಚಿದಳು. ಅಷ್ಟಕ್ಕೇ ಬಿಡದೆ, ಒಳಗೆ ಬಂದರೆ ಧೋತರ ಎತ್ತಿ ನೋಡುವಂಥ ಆಸಾಮಿ ಎಂದು ಅವನನ್ನು ಸಂದಿಯಲ್ಲೇ ನಿಲ್ಲಿಸಿದಳು. ಅಪ್ಪ ಹೊರಗೆ ಹೋಗಿದ್ದ. ಅವ್ವ ಚಹಾ ಕೊಟ್ಟಳು. ಅವನು ಬಸಿಯಲ್ಲಿ ಚಹಾ ಹೊಯ್ದುಕೊಂಡು ಕುಡಿಯುತ್ತ ಗೋಡೆ ನೋಡಿದ. ನಿಂತು, ಬಗ್ಗಿ, ಒಂದೊಂದೇ ತುಂಡಿನ ಮುಂದೆ ಸರಿಯುತ್ತ ನೋಡಿದ. ಇಂಥ ಬಾಗಿಲು ಈ ಊರಲ್ಲೇ ಇಲ್ಲ, ಕೈಯಲ್ಲಿ ಕಸುಬು ಇರುವ ಹೆಣ್ಣುಮಗಳು ನೀವು ಎಂದ. ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ಆ ಗೋಡೆಯನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಅವ್ವನ ಮುಖ ಅರಳಿತು. ಇನ್ನೊಂದು ಬಸಿ ಚಹಾ ತಂದಳು. ಇದರಲ್ಲಿ ಹೊಸದು ಯಾವುದು ಎಂದು ಅವನು ಕೇಳಿದ. ಅವ್ವ ಹಿಂದಿನ ವಾರ ಹಚ್ಚಿದ, ಇನ್ನೂ ಗಂಜಿಯ ಬಿಳುಪು ಮಾಸದ ತುಂಡನ್ನು ಬೆರಳಿಟ್ಟು ತೋರಿಸಿದಳು. ಕೆಂಪು ನೆಲ, ಹಳದಿ ಹೂ, ಕರಿ ಮಿಡಿ.

ನನಗೆ ಇವತ್ತಿಗೂ ಸೋಜಿಗ ಅನ್ನಿಸುವುದು ಅವ್ವನ ತಪ್ಪಲ್ಲ. ಅವಳು ಒಕ್ಕಲುತನದ ಮನೆಯಿಂದ ಬಂದವಳು, ಅವಳಿಗೆ ಈ ಮರ್ಯಾದೆಗಳು ತಿಳಿಯದಿದ್ದರೆ ಆಶ್ಚರ್ಯವಿಲ್ಲ. ಆಯಿ ಆ ಸಂದಿಯಲ್ಲಿ ದಿನಕ್ಕೆ ನೂರು ಸಲ ಓಡಾಡುತ್ತಿದ್ದಳು. ಅಪ್ಪ ಆ ತುಂಡನ್ನು ತನ್ನ ಕೈಯಾರೆ ಕತ್ತರಿಸಿ ಕೊಟ್ಟಿದ್ದ. ಮಗ್ಗದ ಮೇಲಿರುವುದು ದಡಿ, ಅದನ್ನು ಮುಚ್ಚಬೇಕು. ಕತ್ತರಿಸಿ ಒಗೆದದ್ದು ಚಿಂದಿ. ಹುಟ್ಟಾ ನೇಕಾರರ ಕಣ್ಣಿಗೆ ಚಿಂದಿ ಕಾಣುವುದೇ ಇಲ್ಲ.

ಸಾವಕಾರರ ಸೀರೆಗಳು ಅಂಗಡಿಗೆ ಹೋಗುವ ಮೊದಲೇ ಅದೇ ದಡಿಯ ಸೀರೆ ಇನ್ನೊಬ್ಬರ ಅಂಗಡಿಯಲ್ಲಿ ತೂಗಾಡಿದವು. ದಲಾಲಿ ಹೇಳಿದ್ದನ್ನು ಕಣ್ಣಾರೆ ಕಂಡವರಿಲ್ಲ. ಅವನು ಮತ್ತೆ ನಮ್ಮ ಓಣಿಗೆ ಬರಲಿಲ್ಲ, ಅಷ್ಟೇ. ಒಂದು ಮಧ್ಯಾಹ್ನ ಸಾವಕಾರರು ಖುದ್ದಾಗಿ ಬಂದರು. ದಪ್ಪ ದೇಹ. ಸಂದಿಯಲ್ಲಿ ಅಡ್ಡ ತಿರುಗಿ ಅರ್ಧ ದಾರಿ ಬಂದವರು ಅಲ್ಲೇ ನಿಂತುಬಿಟ್ಟರು. ಅವರ ಮೂಗಿನ ಮುಂದೆಯೇ ಅವರ ದಡಿ ಇತ್ತು. ಅಪ್ಪ ಪಡಸಾಲೆಯ ಬಾಗಿಲಲ್ಲಿ ನಿಂತಿದ್ದ, ಅವನ ಹಿಂದೆ ಆಯಿ, ಆಯಿಯ ಹಿಂದೆ ಅವ್ವ, ಅವ್ವನ ಸೆರಗು ಹಿಡಿದು ನಾನು. ಸಾವಕಾರರು ಬೈಯಲಿಲ್ಲ. ಆ ತುಂಡನ್ನು ಒಂದು ಬೆರಳಿನಿಂದ ಮುಟ್ಟಿದರು.

“ನಾನು ನೀ ಮಾರೀಯಂತ ತಿಳಕೊಂಡ ಬಂದಿದ್ನಿ. ನೋಡಿದ್ರ, ಬಾಗಲದಾಗ ಹಚ್ಚಿ ಇಟ್ಟೀರಿ. ಯಾರ ಹಚ್ಚಿದ್ರು ಇದನ್ನ?”

“ನಾನ ಹಚ್ಚೇನ್ರಿ,” ಎಂದ ಅಪ್ಪ.

ಅಪ್ಪನ ಬಾಯಲ್ಲಿ ನಾನು ಅದುವರೆಗೆ ಕೇಳಿದ ಒಂದೇ ಸುಳ್ಳು ಅದು. ಅವ್ವ ಸೆರಗು ಬಿಡಿಸಿಕೊಂಡು ಮುಂದೆ ಬಂದಳು.

“ಅವರಲ್ರಿ. ನಾ ಹಚ್ಚೀನಿ. ನನಗ ತಿಳೀಲಿಲ್ರಿ.”

ಆಗ ಆಯಿ ಇಬ್ಬರನ್ನೂ ಮೊಣಕೈಯಿಂದ ಸರಿಸಿ ಮುಂದೆ ನಿಂತಳು. ಒಂದು ವರ್ಷ ಆ ಗೋಡೆಯನ್ನು ಬೈಯುತ್ತಲೇ ಬಂದವಳು.

“ಗ್ವಾಡಿ ನಂದು. ಈ ಮನ್ಯಾಗ ನನ್ನ ಕೇಳದ ಒಂದು ಕಡ್ಡೀನೂ ಅಲಗೂದಿಲ್ಲ. ನಾನ ಹಚ್ಚಿಸೀನಿ. ಏನಾರ ಅನ್ನೂದಿದ್ರ ನನಗ ಅನ್ರಿ.”

ಸಾವಕಾರರು ಮೂವರನ್ನೂ ನೋಡಿದರು. ನಗಬೇಕೋ ಸಿಟ್ಟಾಗಬೇಕೋ ಅವರಿಗೂ ತಿಳಿಯಲಿಲ್ಲ ಎಂದು ಈಗ ಅನ್ನಿಸುತ್ತದೆ. ಮಗ್ಗದ ಮೇಲಿರುವ ಹಾಸು ಮುಗಿಸಿ ಕೊಡು, ಮುಂದಿನದು ಆಮೇಲೆ ನೋಡೋಣ ಎಂದರು. ತಿರುಗಲು ಜಾಗವಿಲ್ಲದೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋದರು. ಮುಂದಿನದು ಆಮೇಲೆ ಎಂದರೆ ಮುಂದಿನದು ಇಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಅವತ್ತೇ ಅವ್ವ ಗೋಡೆಗೆ ನೀರು ಹೊಡೆದು ನೆನೆಸಿ ಒಂದೊಂದೇ ತುಂಡು ಕಿತ್ತಳು. ಯಾರೂ ತೆಗೆ ಎಂದಿರಲಿಲ್ಲ. ಹಸಿ ತುಂಡುಗಳನ್ನು ಬುಟ್ಟಿಯಲ್ಲಿ ತುಂಬಿ ಆಯಿಯ ಮುಂದೆ ಇಟ್ಟು, ಪಾತ್ರೆ ಇಳಿಸಲು ಆದವು ಎಂದಳು. ಆಯಿ ಅವುಗಳಿಂದ ಪಾತ್ರೆ ಇಳಿಸಲಿಲ್ಲ. ಒಣಗಿಸಿ, ಮಡಚಿ, ತನ್ನ ಟ್ರಂಕಿನಲ್ಲಿ ಹಾಕಿದಳು. ಗೋಡೆಯ ಮೇಲೆ ಗಂಜಿಯ ಚೌಕ ಚೌಕ ಕಲೆ ಉಳಿದವು. ಮೊದಲಿನ ಹೊಲಸು ಗೋಡೆಯೇ ವಾಸಿ ಎನ್ನುವಂತೆ ಇತ್ತು ಅದು.

ಹಾಸು ಮುಗಿಯಿತು. ಮಗ್ಗ ಬರಿದಾಯಿತು. ಅಪ್ಪ ಬೇರೆ ಸಾವಕಾರರ ಹತ್ತಿರ ಹೋಗಿ ಬಂದ. ದಡಿಯನ್ನು ಗೋಡೆಗೆ ಹಚ್ಚುವ ಮನೆ ಎಂದು ನಮ್ಮ ಹೆಸರು ಅದಾಗಲೇ ಊರೆಲ್ಲ ತಿರುಗಿತ್ತು. ಸಾಲೆಯಲ್ಲಿ ಹುಡುಗಿಯರು ನನ್ನ ಪಾಟಿಚೀಲ ತೋರಿಸಿ, ಇದರ ಮ್ಯಾಲ ಯಾರ ದಡಿ ಹಚ್ಚೀರಿ ಅನ್ನುತ್ತಿದ್ದರು. ಮನೆಯಲ್ಲಿ ಮಗ್ಗದ ಸಪ್ಪಳ ನಿಂತದ್ದೇ ನನಗೆ ನಿದ್ದೆ ಬರುವುದು ಕಷ್ಟವಾಯಿತು. ಹುಟ್ಟಿದಾಗಿನಿಂದ ಆ ಸಪ್ಪಳದಲ್ಲೇ ಮಲಗಿದವಳು ನಾನು. ಅವ್ವ ಊಟಕ್ಕೆ ಬಡಿಸುವಾಗ ಅಪ್ಪನ ಮುಖ ನೋಡುತ್ತಿರಲಿಲ್ಲ. ರೊಟ್ಟಿಗೆ ಖಾರದ ಪುಡಿ, ಮೇಲೊಂದಿಷ್ಟು ಎಣ್ಣೆ, ಅಷ್ಟೇ ಅಡಿಗೆ.

ಒಂದು ಬೆಳಿಗ್ಗೆ ಮಗ್ಗದ ಸಪ್ಪಳ ಮತ್ತೆ ಕೇಳಿಸಿತು. ಹಾಸು ಎಲ್ಲಿಂದ ಬಂತು ಎಂದು ನಾವು ಓಡಿದೆವು. ಅಪ್ಪ ನಮ್ಮನ್ನು ನೋಡಿ ಮಗ್ಗದ ಮೇಲೆ ಧೋತರ ಎಳೆದ. ನಮ್ಮಿಂದಲೇ ಮುಚ್ಚಿದ! ಹಳೆಯ ಹಾಸುಗಳ ತುದಿಯಲ್ಲಿ ಉಳಿದು ನಮ್ಮ ಮನೆಗೇ ಬಿಟ್ಟುಹೋದ ತುಂಡುನೂಲು ಚೀಲದ ತುಂಬ ಇತ್ತು. ಅದನ್ನೇ ಗಂಟು ಹಾಕಿ ಸಣ್ಣ ಅಗಲದ ಹಾಸು ಮಾಡಿಕೊಂಡಿದ್ದ ಎಂಬುದು ಆಮೇಲೆ ತಿಳಿಯಿತು. ಅಪ್ಪ ಜೀವಮಾನವೆಲ್ಲ ಬೇರೆಯವರು ಕೊಟ್ಟ ಚಿತ್ತಾರ ನೇಯ್ದವನು. ತಾನಾಗಿ ಒಂದು ಗೆರೆಯನ್ನೂ ಹಾಕಿದವನಲ್ಲ. ನೇಯುವುದು, ನಿಲ್ಲಿಸುವುದು, ಬಿಚ್ಚುವುದು, ಮತ್ತೆ ನೇಯುವುದು, ಹೀಗೆ ಬಹಳ ದಿನ ನಡೆಯಿತು. ಕಡೆಗೊಂದು ದಿನ ಕತ್ತರಿಸಿ ತಂದು, ಅಡಿಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಅವ್ವನ ಉಡಿಯಲ್ಲಿ ಹಾಕಿದ. ಉದ್ದನೆಯ ಪಟ್ಟಿ, ನಮ್ಮ ಸಂದಿಯಷ್ಟೇ ಉದ್ದ. ಕಡು ನೀಲಿಯ ಮೇಲೆ ಬಿಳಿ ಅಲೆ, ಏರುತ್ತ ಇಳಿಯುತ್ತ ಈ ತುದಿಯಿಂದ ಆ ತುದಿಗೆ ಹೋಗಿತ್ತು. ನೀಲಿ ನೂಲು ತೀರಿದಲ್ಲಿ ಹಸಿರು, ಹಸಿರು ತೀರಿದಲ್ಲಿ ಕೆಂಪು.

“ನಿಮ್ಮೂರ ಹೊಳಿ,” ಎಂದ ಅಪ್ಪ. “ಇದು ಯಾವ ಸಾವಕಾರಂದೂ ಅಲ್ಲ. ಗಂಜಿ ಐತೇನ?”

ಅವ್ವ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ಬಂತು, ಯಾಕೆಂದು ಗೊತ್ತಾಗದೆ ಅತ್ತೆ. ಆಯಿ ಮಾತ್ರ, ಹೊಳಿ ಕೆಂಪಗ ಎಲ್ಲಿ ಇರತೈತಿ ಅಂತ ಗೊಣಗುತ್ತ ಗಂಜಿಯ ಗಡಿಗೆ ಒಲೆಗೆ ಇಟ್ಟಳು. ಪಟ್ಟಿಯ ಎರಡು ತುದಿ ನಾನು ಹೊಲಿದೆ. ತಮ್ಮ ಇನ್ನೂ ಸಣ್ಣವ, ಉಳಿದ ನಾಲ್ವರೂ ಅವತ್ತೇ ಸೇರಿ ಹಚ್ಚಿದೆವು. ಅಪ್ಪ ಒಂದು ತುದಿ ಹಿಡಿದಿದ್ದ, ಅವ್ವ ಅಂಗೈಯಿಂದ ಒತ್ತುತ್ತ ಬಂದಳು. ಹಳೆಯ ಗಂಜಿಯ ಕಲೆಗಳ ಮೇಲೆ ನಮ್ಮ ಅವ್ವನ ಊರಿನ ಹೊಳೆ ಹರಿಯಿತು. ಒಳಗೆ ಕಾಳಿಗೆ ಗತಿಯಿಲ್ಲ, ಹೊರಗೆ ಈ ವೈಭವ ಎಂದು ಯಾರಾದರೂ ನಗಬಹುದಿತ್ತು. ನಾವು ಮಾತ್ರ ಆ ದಿನ ಹತ್ತು ಸಲ ಒಳಗೆ ಹೊರಗೆ ಓಡಾಡಿದೆವು.

ಆಮೇಲೆ ಸಾವಕಾರರು ಬಂದರು. ನಮ್ಮಲ್ಲಿದ್ದ ತಮ್ಮ ಹಾಸಿನ ಮರ ಒಯ್ಯಲು ಬಂದದ್ದು, ಅಂದರೆ ಋಣ ಹರಿದುಕೊಳ್ಳಲು. ಸಂದಿಯಲ್ಲಿ ಅಡ್ಡ ತಿರುಗಿದವರು ಮತ್ತೆ ಅರ್ಧದಲ್ಲಿ ನಿಂತರು. ಈ ಸಲ ಬಹಳ ಹೊತ್ತು ನಿಂತರು. ಅಂಗೈ ಇಟ್ಟು ಅಲೆಯ ಗುಂಟ ಸವರಿದರು. ಯಾರ ದಡಿ ಇದು ಎಂದು ಕೇಳಿದರು. ನನ್ನದೇ ಎಂದು ಅಪ್ಪ ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ತಲೆ ಅಲ್ಲಾಡಿಸಿ, ಆಕಿದು, ಆಕಿನ್ನ ಕೇಳ್ರಿ ಎಂದು ಅವ್ವನ ಕಡೆ ಕೈ ತೋರಿಸಿದ. ಮಗ್ಗದಿಂದ ಇಳಿದ ವಸ್ತುವೊಂದು ಹೆಣ್ಣುಮಗಳದು ಎಂದು ಒಬ್ಬ ಗಂಡಸು ಹೇಳಿದ್ದನ್ನು ಆಯಿಯೂ ಅದೇ ಮೊದಲು ಕೇಳಿರಬೇಕು. ಸಾವಕಾರರು ಅವ್ವನನ್ನು ನೇರವಾಗಿ ನೋಡದೆ, ಗೋಡೆಗೆ ಹೇಳುವಂತೆ ಹೇಳಿದರು. ಈ ದಡಿ ಕೊಟ್ಟರೆ ಮುಂದಿನ ಮದುವೆ ದಿನಗಳಿಗೆ ಇದನ್ನೇ ನೇಯಿಸುತ್ತೇನೆ, ಹಾಸು ನಾಳೆಯೇ ಬರುತ್ತದೆ. ಆದರೆ... ಎಂದು ತಡೆದರು. ಉಳಿದದ್ದನ್ನು ಅವ್ವನೇ ಹೇಳಿದಳು.

“ಗ್ವಾಡಿ ಮ್ಯಾಲ ಇರಬಾರದು. ಈ ಸಲ ಗೊತ್ತೈತ್ರಿ ನನಗ. ಕೊಡತೀನಿ. ಆದ್ರ ಮೊದಲ ಸೀರಿ ಇವರ ನೇಯಬೇಕು.”

ಸಾವಕಾರರು ಒಪ್ಪಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ಹೋದ ಮೇಲೆ ಅವ್ವ ನೀರಿನ ಅರಿವೆ ಹಿಡಿದು ಸಂದಿಗೆ ಬಂದಾಗ ನಾನು ಗೋಡೆಗೆ ಬೆನ್ನು ಹಚ್ಚಿ, ಕೈ ಅಗಲಿಸಿ ನಿಂತೆ. ತೆಗೆಯಲು ಬಿಡುವುದಿಲ್ಲ ಎಂದೆ. ಅಪ್ಪ ನಿನಗೆ ಅಂತ ನೇಯ್ದದ್ದು, ಮಾರಲು ಅಲ್ಲ ಎಂದೆ. ಅವ್ವ ಸಿಟ್ಟಾಗಲಿಲ್ಲ.

“ಮಗ್ಗ ಖಾಲಿ ಕುಂತಾಗ ಗ್ವಾಡಿಗೆ ಸೀರಿ ಉಡಸೂದು ಹ್ಯಾಂಗ ಬೇ? ಆ ಕಡೆ ಸರಿ.”

ಅವ್ವ ಅಂಚಿನಿಂದ ನೆನೆಸುತ್ತ, ಒಂದು ಎಳೆಯೂ ಹರಿಯದಂತೆ ಬಿಡಿಸಿದಳು. ಅರ್ಧಕ್ಕೆ ಬಂದಾಗ ನಾನೇ ಇನ್ನೊಂದು ತುದಿ ಹಿಡಿದೆ, ನೆಲಕ್ಕೆ ಬಿದ್ದರೆ ಕೆಸರಾಗುತ್ತದೆ ಎಂದು. ಮರುದಿನ ಹಾಸು ಬಂತು. ಮೊದಲ ಸೀರೆ ಅಪ್ಪನೇ ನೇಯ್ದ. ಆಮೇಲೆ ಬೇರೆ ಬೇರೆ ಮಗ್ಗಗಳಿಗೂ ಆ ದಡಿ ಹೋಯಿತು. ಮನೆಯಲ್ಲಿ ಮತ್ತೆ ಬೇಳೆಯ ಸಾರು ಕುದಿಯಿತು, ನನಗೆ ಮತ್ತೆ ನಿದ್ದೆ ಹತ್ತಿತು. ಆ ಪಟ್ಟಿ ಮಾತ್ರ ಮರಳಿ ಬರಲಿಲ್ಲ. ಮಾದರಿಗೆಂದು ತುಂಡು ತುಂಡು ಮಾಡಿ ನೇಕಾರರಿಗೆ ಹಂಚಿದರಂತೆ. ಅಪ್ಪ ಈ ಸುದ್ದಿ ತಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು, ಮತ್ತೆ ಬಡಿಯಿತು. ಇನ್ನೊಂದು ನೇಯ್ದು ಕೊಡುತ್ತೇನೆ ಎಂದು ಅಪ್ಪ ಹೇಳಿದ. ಬೇಡ, ಮಗ್ಗಕ್ಕೆ ಬಿಡುವೆಲ್ಲಿದೆ ಎಂದಳು. ಆಗ ಅವಳಿಗೆ ಸಂಕಟವಾಗಿತ್ತು ಎಂದು ನನಗೆ ಗೊತ್ತು, ಯಾಕೆಂದರೆ ಆಮೇಲೆ ಎಷ್ಟೋ ತಿಂಗಳು ಅವಳು ಸಂದಿಯಲ್ಲಿ ನಡೆಯುವಾಗ ತಲೆ ಎತ್ತುತ್ತಿರಲಿಲ್ಲ.

ಮುಂದಿನ ವರ್ಷ ಅಪ್ಪನ ಕಡೆಯವರ ಒಂದು ಮದುವೆಗೆ ಮುಧೋಳಕ್ಕೆ ಹೋದೆವು. ಅಕ್ಕಿಕಾಳು ಬಿದ್ದು, ಊಟದ ಪಂಕ್ತಿಗೆ ಜನ ನೂಕಾಡುತ್ತಿದ್ದರು. ಅವ್ವ ಇದ್ದಕ್ಕಿದ್ದಂತೆ ನನ್ನ ರಟ್ಟೆ ಹಿಡಿದು ನಿಂತಳು. ನಮ್ಮ ಮುಂದೆ ಒಬ್ಬ ಹೆಂಗಸು ನಡೆಯುತ್ತಿದ್ದಳು, ನಾವು ಎಂದೂ ನೋಡದವಳು. ಅವಳ ಸೀರೆಯ ದಡಿಯಲ್ಲಿ ಬಿಳಿ ಅಲೆ ಏರುತ್ತ ಇಳಿಯುತ್ತ, ಅವಳ ಹೆಜ್ಜೆಗೆ ತಕ್ಕಂತೆ ತೊನೆಯುತ್ತ ಹೋಗುತ್ತಿತ್ತು. ಆ ದಡಿಯ ಪೂರಾ ಸೀರೆಯನ್ನು ಉಟ್ಟವರ ಮೈಮೇಲೆ ಅವ್ವ ನೋಡಿದ್ದು ಅದೇ ಮೊದಲು. ಮಗ್ಗದ ಮೇಲೆ ಬಟ್ಟೆ ಚಪ್ಪಟೆಯಾಗಿ ಇರುತ್ತದೆ, ಗೋಡೆಯ ಮೇಲೂ ಅಷ್ಟೇ. ಇಲ್ಲಿ ಅದು ಖರೆ ಹೊಳೆಯಂತೆ ಹರಿಯುತ್ತಿತ್ತು. ಅವ್ವ ಪಂಕ್ತಿ ಬಿಟ್ಟು ಅವಳ ಹಿಂದೆ ಹೋದಳು, ಜೊತೆಗೆ ನನ್ನನ್ನೂ ಎಳೆದುಕೊಂಡು. ಹಿಂದಿನಿಂದ ಬಗ್ಗಿ, ಆ ದಡಿಯನ್ನು ಎರಡು ಬೆರಳಲ್ಲಿ ಹಿಡಿದೇಬಿಟ್ಟಳು. ಆ ಹೆಂಗಸು ಗಾಬರಿಯಾಗಿ ತಿರುಗಿದಳು. ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಇದಕ್ಕೆ ಏನು ದಡಿ ಅನ್ನುತ್ತಾರೆ ಎಂದು ಅವ್ವ ಕೇಳಿದಳು. ಅಂಗಡಿಯವರು ಹಾವಿನ ದಡಿ ಅಂದರು ಎಂದಳು ಆಕೆ. ಅವ್ವ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ಹಾವಲ್ಲ ಅದು, ಹೊಳೆ, ಗಲಗಲಿಯ ಹೊಳೆ, ನಮ್ಮವರು ನೇಯ್ದದ್ದು ಎಂದು ಹೇಳಿದಳು. ಆಕೆ ನಂಬಿದಳೋ ಇಲ್ಲವೋ, ಬಗ್ಗಿ ತನ್ನ ಸೀರೆಯನ್ನೇ ಹೊಸದೆಂಬಂತೆ ನೋಡಿಕೊಂಡಳು. ಅವ್ವ ಆಕೆಯ ಊರು ಕೇಳಿದಳು, ಮಕ್ಕಳೆಷ್ಟು ಎಂದು ಕೇಳಿದಳು, ಬನಹಟ್ಟಿಯಲ್ಲಿ ನಮ್ಮ ಓಣಿಯ ಗುರುತು ಹೇಳಿದಳು. ಊಟದ ಎಲೆಗಳು ಬಿದ್ದವು, ಅಪ್ಪ ದೂರದಿಂದ ಕೈ ಬೀಸಿ ಕರೆಯುತ್ತಿದ್ದ. ಆದರೂ ಅವ್ವ ಆಕೆಯ ಕೈ ಬಿಡಲಿಲ್ಲ.

“ಒಮ್ಮಿ ನಮ್ಮ ಮನಿಗೆ ಬರ್ರಿ. ಸಣ್ಣ ಬಾಗಲ ಐತಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬರೂ ಮುಂದ ಇದನ್ನ ಉಟ್ಕೊಂಡ ಬರ್ರಿ.”